ಡಿಜೆಯ ಕೆಮ್ಮು

ನಮ್ಮ ಕಡೆ ಡಿಜೆ ಎಂದರೆ ಮನುಷ್ಯರಲ್ಲ, ವಸ್ತು. ಟ್ರ್ಯಾಕ್ಟರ್ ಟ್ರಾಲಿಯ ಮೇಲೆ ಆಳೆತ್ತರಕ್ಕೆ ಜೋಡಿಸಿ ಹಗ್ಗ ಬಿಗಿದ ಸ್ಪೀಕರ್ ಬಾಕ್ಸುಗಳಿಗೆ ಡಿಜೆ ಎನ್ನುತ್ತಾರೆ. ಡಿಜೆ ಬಂತು, ಡಿಜೆ ಕೆಟ್ಟಿತು, ಡಿಜೆ ಕೆಸರಿನಲ್ಲಿ ಸಿಕ್ಕಿಬಿತ್ತು. ಯಲಬುರ್ಗಾದಿಂದ ಗಂಗಾವತಿವರೆಗೆ ಯಾರ ಬಾಯಲ್ಲಿ ಕೇಳಿದರೂ ಇಷ್ಟೇ. ನಾನೇ ಡಿಜೆ ಎಂದು ಆಗ ಹೇಳಿದ್ದರೆ ಜನ ನಗುತ್ತಿದ್ದರು. ನಾನು ಹೇಳಲಿಲ್ಲ. ಹೇಳದೆ ಉಳಿದದ್ದಕ್ಕೆ ನನ್ನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಕುಷ್ಟಗಿ ಬಸ್‌ಸ್ಟ್ಯಾಂಡಿನ ಎದುರು ನಮ್ಮಣ್ಣನ ಮೊಬೈಲ್ ಅಂಗಡಿ ಇತ್ತು. ಜನ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಳ್ಳಲು ಅಂಗಡಿಗೆ ಬರುತ್ತಿದ್ದ ಕಾಲ. ಅಂಗಡಿಯ ಹಿಂಭಾಗಕ್ಕೆ ಪ್ಲೈವುಡ್ ಹೊಡೆದು ಅಣ್ಣ ಒಂದು ಗೂಡು ಮಾಡಿದ್ದ. ಪಿಯುಸಿ ಮುಗಿಸಿ ಮನೆಯಲ್ಲಿ ಕೂತಿದ್ದ ನನ್ನನ್ನು ಲ್ಯಾಪ್‌ಟಾಪಿನ ಜತೆ ಅದರೊಳಗೆ ಕೂರಿಸಿದ. ಬೆಳಿಗ್ಗೆ ಗಿರಾಕಿಗಳು ಬರುವ ಮುಂಚೆ ಒಳಗೆ ಹೋಗಬೇಕು, ಸಂಜೆ ಅವರೆಲ್ಲ ಹೋದ ಮೇಲೆ ಹೊರಗೆ ಬರಬೇಕು. ಪ್ಲೈವುಡ್ಡಿನಲ್ಲಿ ಅಂಗೈಯಗಲದ ಕಿಂಡಿ ಇತ್ತು. ಅದರಿಂದ ಅಣ್ಣನ ಕೈ ಕಾರ್ಡು ಹಿಡಿದು ಒಳಗೆ ಬರುತ್ತಿತ್ತು. ‘ಇದಕ್ಕ ಜಾನಪದ ತುಂಬು. ಇದಕ್ಕ ಭಜನಿ ಪದ.’ ಮೂರು ವರ್ಷ ನಾನು ನೋಡಿದ್ದು ಆ ಕೈಯನ್ನು ಮಾತ್ರ.

ಬೇಸರಕ್ಕೆ ಹಾಡುಗಳನ್ನು ಕತ್ತರಿಸಿ ಜೋಡಿಸುವುದನ್ನು ಕಲಿತೆ. ಬೀಸುಕಲ್ಲಿನ ಪದದ ಕೆಳಗೆ ಹಲಗೆ ವಾದ್ಯದ ಪೆಟ್ಟು ಕೂರಿಸಿದೆ. ಆ ಮಿಕ್ಸ್ ಫೋನಿಂದ ಫೋನಿಗೆ ಹಾರಿ ಜಿಲ್ಲೆಯ ನಾಲ್ಕೂ ತಾಲೂಕು ಸುತ್ತಿತು. ಅದರ ಶುರುವಿಗೆ ಅಣ್ಣ ತನ್ನ ದನಿಯಲ್ಲಿ ಅಂಗಡಿಯ ಹೆಸರು ಕೂಗಿ ನನ್ನ ಕೈಲಿ ಹಾಕಿಸಿದ್ದ. ನನ್ನದು ಅಂತ ಅದರಲ್ಲಿ ಉಳಿದದ್ದು ಒಂದು ಕೆಮ್ಮು ಮಾತ್ರ. ಮೈಕ್ ಬಂದ್ ಮಾಡುವುದನ್ನು ಮರೆತು ಹಲಗೆಯ ಪೆಟ್ಟುಗಳ ನಡುವೆ ಕೆಮ್ಮಿಬಿಟ್ಟಿದ್ದೆ. ತೆಗೆಯಬೇಕೆನ್ನುವಷ್ಟರಲ್ಲಿ ಅದು ಊರೆಲ್ಲ ಹಬ್ಬಿತ್ತು. ಹುಡುಗರು ಆ ಜಾಗ ಬಂದಾಗ ತಾವೂ ಕೆಮ್ಮಿ ಕುಣಿಯುತ್ತಿದ್ದರಂತೆ. ಯಾರದೆಂದು ಕೇಳಿದವರಿಗೆ ಅಣ್ಣ ‘ನಂದ’ ಎಂದು ಹೇಳಿ ಮುಗಿಸುತ್ತಿದ್ದ.

ಒಂದು ದಿನ ಯಲಬುರ್ಗಾ ಕಡೆಯ ಚಿತ್ರಕಲಾ ಮೇಷ್ಟ್ರೊಬ್ಬರು ಬಂದರು. ಗೂಡಿನೊಳಗೆ ಅವರ ಮಾತು ಕೇಳಿಸುತ್ತಿತ್ತು.

‘ಅಂಡರ್‌ಗ್ರೌಂಡ್ ಕಾರ್ಯಕ್ರಮ ಮಾಡಾಕ್ಹತ್ತೀವ್ರಿ.’

‘ಅಂದ್ರ? ಹಗೇವಿನಾಗೇನ್ರಿ?’ ಎಂದ ಅಣ್ಣ. ಹಗೇವು ಎಂದರೆ ಜೋಳ ತುಂಬಿಡುವ ನೆಲದೊಳಗಿನ ಕುಣಿ.

ಮೇಷ್ಟ್ರು ನಕ್ಕರು. ಗಂಗಾವತಿ ಹತ್ತಿರ ಮುಚ್ಚಿದ ಅಕ್ಕಿ ಗಿರಣಿಯ ಗೋದಾಮಿನಲ್ಲಿ ಸೇರುತ್ತಾರೆ. ಕರಪತ್ರವಿಲ್ಲ, ಮುಖ್ಯ ಅತಿಥಿಯಿಲ್ಲ, ಹಾರ ತುರಾಯಿಯಿಲ್ಲ. ಚಿತ್ರ ಬರೆಯುವವರು, ಹಾಡುವವರು, ಡಿಜೆ ಎಲ್ಲರೂ ಒಟ್ಟಿಗೆ ಕೆಲಸ ಮಾಡುತ್ತಾರೆ.

‘ನಮ್ಮಲ್ಲಿ ಡಿಜೆ ಇಲ್ರಿ. ಬಾಕ್ಸ್ ಬೇಕಂದ್ರ ಬ್ಯಾರೆ ಕಡೆ ಕೇಳ್ರಿ.’

‘ಬಾಕ್ಸ್ ಅಲ್ರೀ. ಈ ಕೆಮ್ಮಿನ ಮಿಕ್ಸ್ ಮಾಡ್ಯಾರಲ್ಲ, ಅವ್ರು ಬೇಕು. ಯಾರ್ರೀ ಅವರು?’

ಕಿಂಡಿಗೆ ಕಿವಿ ಹಚ್ಚಿ ಕೂತೆ. ನಾನು ಬಯಸಿದ್ದು ದೊಡ್ಡದೇನಲ್ಲ. ಇದನ್ನು ಮಾಡಿದವಳು ನಾನು ಎಂದು ಒಬ್ಬರಿಗೆ, ಒಬ್ಬರಿಗಾದರೂ ಗೊತ್ತಾಗಬೇಕಿತ್ತು.

‘ನಾನ ರೀ’ ಎಂದ ಅಣ್ಣ.

ಹೇಳಿದ್ದೇನೋ ಹೇಳಿದ, ಲ್ಯಾಪ್‌ಟಾಪಿನಲ್ಲಿ ಹಾಡು ಹುಡುಕುವುದೂ ಅವನಿಗೆ ಬರುತ್ತಿರಲಿಲ್ಲ. ಹಾಗಾಗಿ ನನ್ನನ್ನೂ ಬಸ್ಸು ಹತ್ತಿಸಿದ. ಗೋದಾಮಿನ ಕಿಟಕಿಗಳಿಗೆ ಗೋಣಿಚೀಲ ಹೊಡೆದು ಮಧ್ಯಾಹ್ನವನ್ನೇ ರಾತ್ರಿ ಮಾಡಿದ್ದರು, ಯಾಕೆಂದರೆ ಹಾಡಲು ಬಂದಿದ್ದ ಮುದುಕಿ, ಎಲ್ಲರ ಬಾಯಲ್ಲೂ ಆಯಿ, ಸಂಜೆಯ ಬಸ್ಸು ಹಿಡಿಯಬೇಕಿತ್ತು. ಜನ ಸೇರುವ ಮುಂಚೆ ಅಣ್ಣ ನೆಲಕ್ಕೆ ತಾಗುವಂತೆ ಶಾಮಿಯಾನದ ಬಟ್ಟೆ ಹೊದಿಸಿದ್ದ ಮೇಜನ್ನು ತೋರಿಸಿದ. ನಾನು ಅದರ ಕೆಳಗೆ ಕೂರಬೇಕು. ಅವನು ಮೇಲೆ ಹೆಡ್‌ಫೋನ್ ಹಾಕಿಕೊಂಡು, ಯಾವ ವೈರೂ ಇಲ್ಲದ ಹಳೆಯ ಮಿಕ್ಸರಿನ ಗುಂಡಿ ತಿರುಗಿಸುತ್ತ ನಿಲ್ಲುತ್ತಾನೆ.

‘ಮಾರಿ ಯಾಕ ಸಣ್ಣ ಮಾಡ್ತಿ? ಎರಡ ತಾಸಿನ ಮಾತು. ಕೊಪ್ಪಳದಾವ್ರು ಬರೂ ವಾರ ನಿನ್ನ ನೋಡಾಕ ಬರ್ತಾರ. ಹುಡುಗಿ ಡಿಜೆ ಮಾಡ್ತಾಳ ಅಂದ್ರ ಏನಂದಾರು ಅವ್ರು?’

ನಿಜವಾಗಿ ಅಂಡರ್‌ಗ್ರೌಂಡ್ ಆದವಳು ನಾನೊಬ್ಬಳೇ. ತಲೆ ಎತ್ತಿದರೆ ಮೇಜು ಬಡಿಯುತ್ತಿತ್ತು. ತೌಡಿನ ಧೂಳು ಮೂಗಿಗೇರುತ್ತಿತ್ತು. ನನಗೆ ಕಾಣುತ್ತಿದ್ದದ್ದು ಪರದೆಯ ಬೆಳಕು ಮತ್ತು ಅಣ್ಣನ ಎರಡು ಪಾದ. ಅವನು ಕಾಲು ಒಂದು ಸಲ ಕುಟ್ಟಿದರೆ ಹಾಡು ಬದಲಿಸಬೇಕು, ಎರಡು ಸಲ ಕುಟ್ಟಿದರೆ ಸೌಂಡ್ ಏರಿಸಬೇಕು. ಕುಟ್ಟಿದ್ದೆಲ್ಲ ತಪ್ಪು ಜಾಗದಲ್ಲೇ. ಸ್ವಲ್ಪ ಹೊತ್ತಿಗೆ ಅವನ ಕಾಲಿನ ಮಾತು ಕೇಳುವುದನ್ನು ಬಿಟ್ಟೆ.

ಆಯಿ ಮೇಜಿನ ಪಕ್ಕದಲ್ಲೇ ಕೂತು ಹಾಡತೊಡಗಿದಳು. ಅವಳು ಎಳೆದಲ್ಲಿ ನಾನು ತಡೆದೆ, ಅವಳು ಓಡಿದಲ್ಲಿ ಹಲಗೆಯನ್ನು ಓಡಿಸಿದೆ. ಮುಖ ಕಾಣದ ಆ ಮುದುಕಿಯ ಜತೆ ಅರ್ಧ ತಾಸು ನಾನು ಎಷ್ಟು ಸುಖವಾಗಿದ್ದೆನೆಂದರೆ, ಎಲ್ಲಿ ಕೂತಿದ್ದೇನೆ ಎನ್ನುವುದೇ ಮರೆತುಹೋಗಿತ್ತು. ಆಮೇಲೆ ಜನ ಕೆಮ್ಮಿನ ಮಿಕ್ಸ್ ಬೇಕೆಂದು ಕೂಗಿದರು. ಹಾಕಿದೆ. ಬಾಕ್ಸಿನಿಂದ ನನ್ನ ಕೆಮ್ಮು ಬಂತು. ಎಲ್ಲರೂ ಕೆಮ್ಮಿ ನಕ್ಕರು. ಅಷ್ಟು ಹೊತ್ತು ಸೆರಗು ಕಚ್ಚಿ ತಡೆದಿದ್ದ ತೌಡಿನ ಕೆಮ್ಮು ಆಗಲೇ ನನ್ನ ಕೈಮೀರಿತು. ಅದೇ ಕೆಮ್ಮು, ಇನ್ನೊಂದು ಸಲ, ಮೇಜಿನ ಕೆಳಗಿಂದ.

ಗದ್ದಲದಲ್ಲಿ ಬೇರೆ ಯಾರಿಗೂ ಕೇಳಿಸಲಿಲ್ಲ. ಬಟ್ಟೆಯ ಅಂಚು ಮೇಲೆದ್ದು ಆಯಿಯ ಮುಖ ಕಾಣಿಸಿತು.

‘ಯವ್ವಾ, ನನ್ನ ಹಾಡಿನ ಕೂಡ ಬಂದಾಕಿ ನೀನೇನ? ಇಲ್ಲಿ ಯಾಕ ಕುಂತೀ? ಹೊರಗ ಬಾ ಮಗಳ.’

ಒಬ್ಬರಿಗೆ ಗೊತ್ತಾಯಿತು. ಅವಳು ಕೈಯನ್ನೂ ಚಾಚಿದ್ದಳು. ನಾನು ಎದ್ದು ಬರಬೇಕಿತ್ತು. ಆದರೆ ನನ್ನ ಮೊಣಕಾಲಿನ ಪಕ್ಕ ಅಣ್ಣನ ಪಾದ ಹೆದರಿ ಲೆಕ್ಕವಿಲ್ಲದೆ ಕುಟ್ಟುತ್ತಿತ್ತು. ಅವನ ಮೇಲೆ ಸಿಟ್ಟಿತ್ತು, ಆ ಪಾದ ನೋಡಿ ಅಯ್ಯೋ ಅನ್ನಿಸಿತು. ಹೊರಗೆ ಅಷ್ಟೊಂದು ಗಂಡಸರ ದನಿ ಕೇಳಿ ನನಗೂ ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ.

‘ಬ್ಯಾಡ ಆಯಿ’ ಎಂದೆ. ಅವಳ ಕೈಯಿಂದ ಬಟ್ಟೆ ಬಿಡಿಸಿಕೊಂಡು ನಾನೇ ಕೆಳಗೆಳೆದುಕೊಂಡೆ.

ಆಯಿ ಒತ್ತಾಯ ಮಾಡಲಿಲ್ಲ. ಮುಂದಿನ ಪದಕ್ಕೆ ತನ್ನ ಬಳೆಯಿಂದ ಮೇಜಿನ ಕಾಲು ತಟ್ಟಿ ನನಗೊಬ್ಬಳಿಗೇ ತಾಳ ಹೇಳಿದಳು. ಮುಗಿದ ಮೇಲೆ ಮೇಷ್ಟ್ರು ಅಣ್ಣನನ್ನು ತಬ್ಬಿಕೊಂಡರು. ಬಸ್ಸಿನಲ್ಲಿ ಅವನು ‘ಛಲೋ ಆತಲ್ಲ?’ ಎಂದು ಕೇಳಿದ. ತಾವರಗೇರಾ ದಾಟುವವರೆಗೂ ನಾನು ಕಿಟಕಿಯ ಸರಳಿನ ಮೇಲೆ ಆಯಿಯ ತಾಳ ತಟ್ಟುತ್ತಿದ್ದೆ.

ಕೊಪ್ಪಳದವರು ಬಂದರು, ಒಪ್ಪಿದರು. ಈ ಮನೆಗೆ ಬಂದು ಹನ್ನೊಂದು ವರ್ಷವಾಯಿತು. ನಾನೇನು ಮಾಡುತ್ತಿದ್ದೆ ಎಂದು ಇಲ್ಲಿ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮೊನ್ನೆ ಓಣಿಯಲ್ಲಿ ಯಾರದೋ ಮದುವೆಯ ಮೆರವಣಿಗೆ ಹೊರಟಿತ್ತು. ಹಳೆಯ ಮಿಕ್ಸ್ ಹಾಕಿದ್ದರು. ಮೊದಲು ಅಣ್ಣನ ಕೂಗು, ಆಮೇಲೆ ಹಲಗೆ, ಅದರ ನಡುವೆ ಆ ಕೆಮ್ಮು. ರೊಟ್ಟಿ ತಟ್ಟುತ್ತಿದ್ದ ಕೈ ನಿಂತಿತು.

ಕಿಟಕಿಯಲ್ಲಿ ನಿಂತಿದ್ದ ಮಗಳು ತಿರುಗಿ ಕೇಳಿದಳು. ‘ಅವ್ವಾ, ಯಾರ ಕೆಮ್ಮಿದ್ದು ಅದು?’

‘ಡಿಜೆ.’

ಅವಳಿಗೆ ನಗು ತಡೆಯಲಾಗಲಿಲ್ಲ. ‘ಡಿಜೆ ಎಲ್ಲ್ಯಾರ ಕೆಮ್ಮತೈತೇನು?’

ಪಡಸಾಲೆಯಲ್ಲಿ ಅತ್ತೆ ಇದ್ದರು, ಯಜಮಾನರೂ ಇದ್ದರು. ಅವರಿಬ್ಬರಿಗೂ ಕೇಳಿಸುವ ಹಾಗೆ ಹೇಳಿದೆ.

‘ಕೆಮ್ಮತೈತಿ ಅನಬ್ಯಾಡ. ಕೆಮ್ಮತಾಳ ಅನ್ನು.’