ರೇಣುಕಾ ತಪ್ಪು ಬಾಟಲಿ ತೆಗೆದುಕೊಂಡ ದಿನ

1986ರಲ್ಲಿ ನಾನು ಕುಂದಗೋಳ ತಾಲ್ಲೂಕಿನ ಒಂದು ಪದವಿ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕಿಯಾಗಿದ್ದೆ. ವಯಸ್ಸು ಇಪ್ಪತ್ತೇಳು. ಪ್ರೊಬೇಷನ್ ಮುಗಿಯಲು ಇನ್ನೂ ಎಂಟು ತಿಂಗಳಿತ್ತು. ಬಿ.ಎಸ್ಸಿ. ಮೊದಲ ವರ್ಷಕ್ಕೆ ಸೇರಿದವರು ಮೂವತ್ತೊಂದು ಜನ, ಅವರಲ್ಲಿ ಹುಡುಗಿಯರು ನಾಲ್ವರು. ಬಿಗಿಯಾದ ಶಿಸ್ತಿನ ಟೀಚರ್ ಎಂಬ ಹೆಸರು ನನಗೆ ಆಗಲೇ ಬಂದಿತ್ತು, ಆ ಹೆಸರಿನ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಪ್ರತಿ ಪ್ರಯೋಗವನ್ನೂ ವಿದ್ಯಾರ್ಥಿಗಳು ಜರ್ನಲ್ ಎಂಬ ದಪ್ಪ ಪುಸ್ತಕದಲ್ಲಿ ಅಂದವಾಗಿ ಬರೆದು ಸಹಿ ಮಾಡಿಸಿಕೊಳ್ಳಬೇಕು. ಸಹಿ ಇಲ್ಲದಿದ್ದರೆ ಪರೀಕ್ಷೆಗೆ ಕೂರುವ ಹಾಗಿಲ್ಲ. ಅಂಚು ಸೊಟ್ಟಗಿದ್ದರೆ, ಚಿತ್ರದ ಗೆರೆ ಎರಡು ಸಲ ಬಿದ್ದಿದ್ದರೆ, ನಾನು ಕೆಂಪು ಶಾಯಿಯಲ್ಲಿ ‘ರಿಪೀಟ್’ ಎಂದು ಬರೆಯುತ್ತಿದ್ದೆ. ಅಂದರೆ ಇಡೀ ಪ್ರಯೋಗವನ್ನು ಮತ್ತೆ ಬರೆಯಬೇಕು.

ರೇಣುಕಾ ಯರಗುಪ್ಪಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ತಂದೆ ತಾಯಿ ಇಬ್ಬರೂ ಬೇರೆಯವರ ಹೊಲದಲ್ಲಿ ಕೂಲಿ ಮಾಡುವವರು. ಅವರ ಓಣಿಯಿಂದ ವಿಜ್ಞಾನ ಓದಲು ಬಂದ ಮೊದಲನೆಯವಳು. ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದಿದ್ದಳು. ತರಗತಿಯಲ್ಲಿ ಮುಂದಿನ ಬೆಂಚಿನಲ್ಲಿ ಕೂತು, ನಾನು ಹೇಳಿದ್ದರಲ್ಲಿ ಒಂದು ಅಕ್ಷರವನ್ನೂ ಬಿಡದೆ ಬರೆದುಕೊಳ್ಳುತ್ತಿದ್ದಳು. ಪ್ರಶ್ನೆ ಕೇಳಿದವಳಲ್ಲ. ಇವಳಿಂದ ನನಗೆ ತೊಂದರೆಯಿಲ್ಲ ಎಂದುಕೊಂಡಿದ್ದೆ.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಟೈಟ್ರೇಶನ್ ಪ್ರಯೋಗ ನಡೆದಿತ್ತು. ಕ್ಷಾರಕ್ಕೆ ಆಮ್ಲವನ್ನು ಹನಿಹನಿಯಾಗಿ ಬಿಟ್ಟು ಬಣ್ಣ ಬದಲಾಗುವ ಗಳಿಗೆಯನ್ನು ಹಿಡಿಯುವ ಪ್ರಯೋಗ ಅದು. ಕ್ಷಾರವನ್ನು ಅಳೆಯಲು ಪಿಪೆಟ್ ಎಂಬ ಗಾಜಿನ ಕೊಳವೆ ಇರುತ್ತದೆ. ಆ ಕಾಲದಲ್ಲಿ ಅದರ ಮೇಲ್ತುದಿಗೆ ಬಾಯಿ ಹಚ್ಚಿ ದ್ರಾವಣವನ್ನು ಮೇಲಕ್ಕೆ ಎಳೆಯುತ್ತಿದ್ದರು. ನಾವೂ ಹಾಗೆಯೇ ಕಲಿತವರು, ಹಾಗೆಯೇ ಕಲಿಸುತ್ತಿದ್ದೆವು. ಆ ಕ್ಷಾರ, ಅಂದರೆ ತೆಳು ಕಾಸ್ಟಿಕ್ ಸೋಡಾ, ಬಾಯಿಗೆ ಬಂದರೆ ಉಗುಳಿ ತೊಳೆದುಕೊಂಡರಾಯಿತು. ಆದರೆ ಬೆಳಗಿನ ಬ್ಯಾಚಿಗೆ ಇಟ್ಟಿದ್ದ, ಅದಕ್ಕಿಂತ ಇಪ್ಪತ್ತು ಪಟ್ಟು ತೀವ್ರವಾದ ಕಾಸ್ಟಿಕ್ ಸೋಡಾದ ಬಾಟಲಿ ಅಂದು ಮೇಜಿನ ಮೇಲೆಯೇ ಉಳಿದಿತ್ತು. ಎರಡೂ ಬಾಟಲಿಗಳ ಚೀಟಿ ಬರೆದವಳು ನಾನೇ. ಹೆಸರು ಒಂದೇ, ಮೂಲೆಯ ಸಣ್ಣ ಅಂಕಿ ಮಾತ್ರ ಬೇರೆ.

ಗಾಜು ಒಡೆದ ಸದ್ದಿಗೆ ತಿರುಗಿ ನೋಡಿದೆ. ರೇಣುಕಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಬಗ್ಗಿದ್ದಳು. ಬೆರಳುಗಳ ಸಂದಿಯಿಂದ ಜೊಲ್ಲು ಇಳಿಯುತ್ತಿತ್ತು. ಕಿರುಚುತ್ತಿರಲಿಲ್ಲ. ಅಟೆಂಡರ್ ಹುಸೇನಸಾಬ ಕೊಡದಲ್ಲಿ ನೀರು ಹೊತ್ತು ತಂದ. ಅವಳ ತಲೆಯನ್ನು ಹಿಡಿದು ಬಾಯಿ ಮುಕ್ಕಳಿಸುವಂತೆ ಮಾಡಿದೆ. ಒಂದರ ಹಿಂದೆ ಒಂದು ಕೊಡ ಖಾಲಿಯಾಯಿತು. ತುಟಿಯ ಒಳಗಿನ ಚರ್ಮ ಬಿಳುಚಿಕೊಂಡು ಜಾರುತ್ತಿತ್ತು. ದಾರಿಯಲ್ಲಿ ಹೋಗುತ್ತಿದ್ದ ಟೆಂಪೋ ನಿಲ್ಲಿಸಿ ಅವಳನ್ನು ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ಕರೆದೊಯ್ದೆ. ದ್ರಾವಣವನ್ನು ನುಂಗಿಲ್ಲ, ಜೀವಕ್ಕೆ ಅಪಾಯವಿಲ್ಲ ಎಂದು ಡಾಕ್ಟರು ಹೇಳಿದ ಮೇಲೆಯೇ ನಾನು ಗೋಡೆಗೆ ಒರಗಿದ್ದು.

ಮರುದಿನ ಪ್ರಾಚಾರ್ಯರು ಅಪಘಾತದ ವರದಿಯನ್ನು ನನ್ನ ಮುಂದೆ ಇಟ್ಟರು. ಕಾರಣ ಎಂಬಲ್ಲಿ ಆಗಲೇ ಬರೆದಿತ್ತು: ‘ವಿದ್ಯಾರ್ಥಿನಿಯ ಅಜಾಗರೂಕತೆ.’

“ಚೀಟಿ ಓದದs ಬಾಟಲಿ ತಗೊಂಡ್ರ ಕಾಲೇಜು ಏನ್ ಮಾಡಬೇಕ್ರಿ? ಸಹಿ ಮಾಡ್ರಿ,” ಎಂದರು.

ಮಾಡಿದೆ.

ಅದೇ ಸಂಜೆ ಆಸ್ಪತ್ರೆಗೆ ಹೋದೆ. ರೇಣುಕಾಳ ಬಾಯಿ ಬಾತುಹೋಗಿತ್ತು, ಮಾತಾಡುವ ಹಾಗಿರಲಿಲ್ಲ. ನನ್ನನ್ನು ಕಂಡವಳೇ ಎದ್ದು ಕೂರಲು ನೋಡಿದಳು. ಕೈಸನ್ನೆ ಮಾಡಿ ಪೆನ್ನು ಕೇಳಿದಳು. ನೋವಾಗುತ್ತಿದೆ ಎಂದೋ, ಮನೆಗೆ ಹೋಗಬೇಕು ಎಂದೋ ಬರೆಯುತ್ತಾಳೆ ಅಂದುಕೊಂಡೆ. ಅವಳು ಬರೆದದ್ದು ಇಷ್ಟು:

“ಮೇಡಮ್, ರಿಪೀಟ್ ಮಾಡಿದ್ದು ಸೋಮವಾರ ಸಬ್ಮಿಟ್ ಮಾಡಿದ್ರ ನಡಿತೈತೇನ್ರಿ?”

ಹಿಂದಿನ ವಾರ ಅವಳ ಜರ್ನಲಿನಲ್ಲಿ ‘ರಿಪೀಟ್’ ಎಂದು ಬರೆದವಳು ನಾನೇ. ಪಕ್ಕದಲ್ಲಿ ಕೂತಿದ್ದ ಅವಳ ತಾಯಿ ಗಂಗವ್ವ ಮಂಚದ ಕೆಳಗಿನಿಂದ ಒಂದು ಕೈಚೀಲ ಎಳೆದಳು. ಮಗಳು ಹಟ ಹಿಡಿದಿದ್ದಕ್ಕೆ ಊರಿಂದ ತರಿಸಿದ್ದಳಂತೆ. ಅದರ ತುಂಬ ನೋಟ್‌ಬುಕ್ಕು, ಎಣಿಸಿದರೆ ಹತ್ತೊಂಬತ್ತು.

“ಅಕ್ಕಾರ, ನನಗ ಓದಾಕ ಬರೂದಿಲ್ಲ. ಎರಡೂವರಿ ತಿಂಗಳದಾಗ ಇಷ್ಟು ಬರದಾಳ್ರಿ. ಇನ್ನೂ ಸಾಲಂಗಿಲ್ಲೇನ್ರಿ?”

ಅದರಲ್ಲಿ ದೂರು ಇರಲಿಲ್ಲ. ನಿಜವಾಗಿ ತಿಳಿದುಕೊಳ್ಳಲು ಕೇಳಿದ ಪ್ರಶ್ನೆ ಅದು. ಪುಸ್ತಕಗಳನ್ನು ತೆರೆದೆ. ನಾನು ಹೇಳಿ ಬರೆಸಿದ ನೋಟ್ಸನ್ನು ಅವಳು ಐದೈದು ಸಲ ನಕಲು ಮಾಡಿದ್ದಳು. ಫಿಸಿಕ್ಸ್, ಗಣಿತವೂ ಹಾಗೆಯೇ. ನಮ್ಮ ಪಾಠವೆಲ್ಲ ಇಂಗ್ಲಿಷಿನಲ್ಲಿ; ನಡುವೆ ಆ ಕಿಟಕಿ ಮುಚ್ಚಿ ಎಂದು ನಾನು ಇಂಗ್ಲಿಷಿನಲ್ಲೇ ಅಂದ ಮಾತು ಕೂಡ ಐದು ಪ್ರತಿಗಳಲ್ಲಿಯೂ ಇತ್ತು. ನನ್ನ ತರಗತಿಯ ಅತ್ಯಂತ ಶ್ರದ್ಧೆಯ ಹುಡುಗಿಗೆ ನನ್ನ ಪಾಠದ ಒಂದು ಸಾಲೂ ಅರ್ಥವಾಗಿರಲಿಲ್ಲ. ಅದು ನನಗೆ ಗೊತ್ತೇ ಆಗಿರಲಿಲ್ಲ.

ವಾರದ ನಂತರ ಅವಳಿಗೆ ಮಾತು ಬಂದಾಗ ಇಬ್ಬರೂ ಕೂತು ಅವಳ ವಾರವನ್ನು ಲೆಕ್ಕ ಹಾಕಿದೆವು. ವಾರಕ್ಕೆ ಇರುವುದು 168 ತಾಸು. ತರಗತಿ ಮತ್ತು ಪ್ರಯೋಗಾಲಯಕ್ಕೆ 34. ಬಸ್ಸು ಕಾಯುವುದು, ಓಡಾಟ ಸೇರಿ 18. ನೀರು, ಅಡುಗೆ, ದನದ ಕೆಲಸಕ್ಕೆ 14. ಸ್ನಾನ, ಊಟಕ್ಕೆ 14. ಜರ್ನಲಿಗೆ 18. ನಕಲು ಬರೆಯಲು 35. ಉಳಿದದ್ದು 35 ತಾಸು. ಅಂದರೆ ದಿನಕ್ಕೆ ಐದು ತಾಸು ನಿದ್ದೆ. ಅಂದು ಬಾಟಲಿ ಎತ್ತಿಕೊಂಡಾಗ ಅಕ್ಷರಗಳೇ ಎರಡೆರಡಾಗಿ ಕಾಣುತ್ತಿದ್ದವಂತೆ.

“ಇದರಾಗ ತಿಳಕೊಳ್ಳಾಕ ಎಷ್ಟು ತಾಸು ಇಟ್ಟೀಯವಾ?” ಎಂದು ಕೇಳಿದೆ.

ಅವಳು ಪಿಳಿಪಿಳಿ ನೋಡಿದಳು. “ಅದು ಬ್ಯಾರೆ ಕೆಲಸ ಏನ್ರಿ ಮೇಡಮ್?”

ಪಿಯುಸಿಯವರೆಗೂ ಬಾಯಿಪಾಠವೇ ಅವಳನ್ನು ದಾಟಿಸಿತ್ತು. ಬಿ.ಎಸ್ಸಿ. ಎಂದರೆ ಅದರ ಮೂರು ಪಟ್ಟು ಬಾಯಿಪಾಠ ಎಂದು ಅವಳು ನಂಬಿದ್ದಳು. ಹಾಗಲ್ಲ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವಳು ನಾನು, ಅಂಚಿನ ಗೆರೆ ನೋಡುತ್ತ ಕೂತಿದ್ದೆ.

ಸ್ಟಾಫ್ ರೂಮಿನಲ್ಲಿ ಆ ಲೆಕ್ಕದ ಹಾಳೆ ಇಟ್ಟೆ. ಫಿಸಿಕ್ಸಿನವರು, “ನಾ ಕೊಡೂದು ವಾರಕ್ಕ ಐದಾರು ತಾಸಿನ ಕೆಲಸ ಅಷ್ಟs,” ಎಂದರು. ಗಣಿತದವರೂ ಅದನ್ನೇ ಅಂದರು. ನಿಜವೇ. ಮೂವರೂ ನಮ್ಮ ನಮ್ಮ ಪಾಲನ್ನು ಸರಿಯಾಗಿಯೇ ಅಳೆದಿದ್ದೆವು, ಕೂಡಿಸಿ ನೋಡಿದವರು ಯಾರೂ ಇರಲಿಲ್ಲ.

ಅಲ್ಲಿಂದ ನೇರ ಪ್ರಾಚಾರ್ಯರ ಕೊಠಡಿಗೆ ಹೋಗಿ, ಒಂದು ಪತ್ರ ಕೊಟ್ಟೆ. ಚೀಟಿಗಳನ್ನು ಬೇರೆ ಬೇರೆಯಾಗಿ ಕಾಣುವಂತೆ ಬರೆಯದಿದ್ದುದು, ಬೆಳಗಿನ ಬಾಟಲಿಯನ್ನು ಎತ್ತಿಡಿಸದಿದ್ದುದು, ಬಾಯಿಂದ ಎಳೆಯಲು ಬಿಟ್ಟದ್ದು ನನ್ನ ತಪ್ಪು. ಅದನ್ನು ವರದಿಗೆ ಸೇರಿಸಬೇಕು ಎಂದು ಬರೆದಿದ್ದೆ. ಅವರು ಎರಡು ಸಲ ಓದಿದರು.

“ನಿಮ್ಮ ಪ್ರೊಬೇಷನ್ ಇನ್ನೂ ಮುಗಿದಿಲ್ಲ. ನೆನಪೈತಿಲ್ರಿ?”

“ಐತ್ರಿ ಸರ್. ಆದ್ರೂ ಸೇರಸ್ರಿ.”

ಸೇರಿಸಿದರು. ನನ್ನ ಪ್ರೊಬೇಷನ್ ಒಂದು ವರ್ಷ ಮುಂದುವರಿಯಿತು. ಆದರೆ ಅದೇ ತಿಂಗಳು ಹುಬ್ಬಳ್ಳಿಯಿಂದ ಬಾಯಿಯ ಬದಲು ಪಿಪೆಟ್ಟಿಗೆ ಹಾಕಿ ಹಿಸುಕುವ ರಬ್ಬರ್ ಬುರುಡೆಗಳು ಬಂದವು. ಜರ್ನಲನ್ನು ಪ್ರಯೋಗದ ಅವಧಿಯಲ್ಲಿಯೇ ಬರೆದು ಮುಗಿಸಬೇಕೆಂದು ನಾನೂ ಫಿಸಿಕ್ಸಿನವರೂ ಒಪ್ಪಿದೆವು.

ರೇಣುಕಾಳನ್ನು ಕಾಲೇಜು ಬಿಡಿಸಿಬಿಡುತ್ತೇನೆಂದು ಅವಳ ತಂದೆ ಹಟ ಹಿಡಿದಿದ್ದರು. ಗಂಗವ್ವ ಒಪ್ಪಲಿಲ್ಲ. ರೇಣುಕಾ ತಿರುಗಿ ಬಂದಾಗ ಒಂದೇ ಕರಾರು ಹಾಕಿದೆ: ಒಂದು ಪುಟ ಓದು, ಪುಸ್ತಕ ಮುಚ್ಚು, ನಿನ್ನ ಮಾತಿನಲ್ಲಿ ನನಗೆ ಹೇಳು. ಮೊದಲ ದಿನ ಬಾಯಿ ಬಿಡಲಾರದೆ ಅತ್ತಳು. ಡಿಸೆಂಬರಿನ ಹೊತ್ತಿಗೆ, “ಮೇಡಮ್, ನೀವು ಹೇಳಿದ್ದು ಇಲ್ಲಿ ಹೊಂದಂಗಿಲ್ರಿ,” ಎಂದು ನನ್ನ ತಪ್ಪೊಂದನ್ನು ಹಿಡಿದಳು. ಆ ವರ್ಷ ಗಣಿತದಲ್ಲಿ ನಪಾಸಾದಳು. ಮೂರು ವರ್ಷದ ಪದವಿಗೆ ನಾಲ್ಕು ವರ್ಷ ಹಿಡಿಯಿತು. ಮುಂದೆ ಹೈಸ್ಕೂಲಿನ ವಿಜ್ಞಾನ ಶಿಕ್ಷಕಿಯಾದಳು. ಕೆಳದುಟಿಯ ಮೇಲಿನ ಕಲೆ ಹೋಗಲಿಲ್ಲ.

ಪಾಠವನ್ನು ಮುಗಿಸುವುದೇ ನನ್ನ ಕೆಲಸ ಎಂದು ತಿಳಿದಿದ್ದೆ. ಆ ಪಾಠಕ್ಕೆ ಕಲಿಯುವವಳ ದಿನದಲ್ಲಿ ಜಾಗ ಇದೆಯೇ ಎಂದು ಕೇಳುವುದೂ ನನ್ನದೇ ಕೆಲಸವೆಂದು ಆ ಸೆಪ್ಟೆಂಬರಿನಲ್ಲಿ ಕಲಿತೆ. ನಿವೃತ್ತಿಯಾಗುವವರೆಗೂ ಪ್ರತಿ ವರ್ಷ ಮೊದಲ ತರಗತಿಯಲ್ಲಿ ಪುಸ್ತಕ ತೆರೆಸಲಿಲ್ಲ. ಹೊಸದಾಗಿ ಸೇರಿದವರಿಗೆಲ್ಲ ಒಂದು ಖಾಲಿ ಹಾಳೆ ಕೊಟ್ಟು, ತಮ್ಮ ವಾರದ ತಾಸುಗಳನ್ನು ಬರೆಯಲು ಹೇಳುತ್ತಿದ್ದೆ. ಪ್ರತಿ ವರ್ಷವೂ ಒಂದಿಬ್ಬರ ಹಾಳೆಯಲ್ಲಿ ನಿದ್ದೆಯನ್ನು ಬರೆಯುವ ಮೊದಲೇ ವಾರ ಮುಗಿದುಹೋಗಿರುತ್ತಿತ್ತು. ಅವರ ಹೆಸರನ್ನು ಮೊದಲು ಕಲಿಯುತ್ತಿದ್ದೆ.