ಬಚ್ಚಲ ಒಲೆಯ ಲಸಾನ್ಯ

ಆಗ ನನಗೆ ನಲವತ್ತೆಂಟು. ಅದಾಗಿ ಈಗ ಮೂವತ್ತೈದು ವರ್ಷವಾಯಿತು. ಅಲ್ಲಿಂದ ಇಲ್ಲಿಯತನಕ ಎಂಥೆಂಥ ಅಡುಗೆ ಮಾಡಿದ್ದೇನೆ, ಎಂಥೆಂಥದನ್ನೋ ಉಂಡಿದ್ದೇನೆ. ಅಷ್ಟು ಕೆಲಸಗೇಡಿ ಅಡುಗೆಯನ್ನು ಮಾತ್ರ ಮತ್ತೆಲ್ಲೂ ಕಾಣಲಿಲ್ಲ.

ನನ್ನ ಗಂಡ ಬಸ್ಸಿನ ಕಂಡಕ್ಟರ್. ಜಮಖಂಡಿಯಿಂದ ಮುಧೋಳ, ಮುಧೋಳದಿಂದ ಜಮಖಂಡಿ. ಹಗಲೆಲ್ಲ ಮಂದಿಯ ಮೇಲೆ ಒದರಿ, ಸಂಜೆ ಮನೆಗೆ ಬಂದು ನನ್ನ ಮೇಲೆ ಒದರುವವ. ಮಟನ್ ಮಾಡಿದರೆ ಮೇಲೆ ಕೆಂಪಗೆ ಎಣ್ಣೆ ತೇಲಬೇಕು, ಇಲ್ಲದಿದ್ದರೆ ತಾಟು ನೂಕುವವ. ಆ ವರ್ಷ ದೀಪಾವಳಿ ಹತ್ತಿರ ಬಂದಾಗ ನಡೆಯುವ ಬಸ್ಸಿನಲ್ಲೇ ಎದೆ ಹಿಡಿದುಕೊಂಡು ಕೂತ. ಮಿರಜಿಗೆ ಒಯ್ದು ಬದುಕಿಸಿಕೊಂಡು ಬಂದೆವು. ಎಣ್ಣೆ, ತುಪ್ಪ, ಕೊಬ್ಬು ಮುಟ್ಟಕೂಡದು. ಬರಿ ಹೊಟ್ಟೆಯಲ್ಲಿ ಗುಳಿಗೆ ಕೊಡಕೂಡದು. ಗುಳಿಗೆ ತಪ್ಪಿ ಎದೆ ಇನ್ನೊಮ್ಮೆ ಹಿಡಿದರೆ ನಮ್ಮ ಕೈಯಲ್ಲಿಲ್ಲ ಎಂದು ಡಾಕ್ಟರು ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು ಹೇಳಿದರು.

ಮನೆಗೆ ಬಂದ ಮನುಷ್ಯ ಊಟವನ್ನೇ ಬಿಟ್ಟ. ಗಂಜಿ ತಂದರೆ ಗೋಡೆಯ ಕಡೆ ಹೊರಳಿದ. ಹೆಸರುಬೇಳೆ ಕಟ್ಟು ತಂದರೆ ಕಣ್ಣು ಮುಚ್ಚಿದ.

"ಇದನ್ನ ಉಣ್ಣೂದಕಿಂತ ಸತ್ತರ ಛಲೋ," ಅಂದ.

"ಸಾಯ್ರಿ. ಮೊದಲ ಉಂಡು ಗುಳಿಗಿ ತಗೋರಿ, ಆಮ್ಯಾಲ ಸಾಯ್ರಿ," ಅಂದೆ.

ಹಾಲುಗೂಸಲ್ಲ, ಮೀಸೆ ನರೆತ ಗಂಡಸು. ತುಟಿ ಬಿಗಿದುಕೊಂಡು ಮಲಗಿದ. ಅಂಗಿಯ ತೋಳಿನೊಳಗೆ ಕೈ ಕಡ್ಡಿಯಾಗುತ್ತ ಬಂತು. ನೋಡಲು ಬಂದವರು ಚಹಾ ಕುಡಿದು, ಬೆಳ್ಳುಳ್ಳಿ ಕೊಡು, ಮೆಂತ್ಯ ಕೊಡು ಎಂದು ಹೇಳಿ ಎದ್ದು ಹೋಗುತ್ತಿದ್ದರು. ಮುಚ್ಚಿದ ಬಾಯಿ ತೆರೆಸುವುದು ಹೇಗೆಂದು ಒಬ್ಬರೂ ಹೇಳಲಿಲ್ಲ.

ಹಬ್ಬಕ್ಕೆಂದು ಪುಣೆಯಿಂದ ನನ್ನ ನೆಗೆಣ್ಣಿ ಬಂದಳು. ಮೈದುನನಿಗೆ ಅಲ್ಲಿ ಬ್ಯಾಂಕಿನಲ್ಲಿ ನೌಕರಿ. ಇವಳಿಗೆ ಅಲ್ಲಿ ಅಡುಗೆ ಕ್ಲಾಸು.

"ಅಕ್ಕಾ, ಭಾವಗ ನಾ ಲಸಾನ್ಯ ಮಾಡ್ತೇನ್ರಿ. ಇಟಲಿ ಮಂದಿ ಅಡಿಗಿ, ಪದರ ಪದರ ಹಾಸಿ ಸುಡೂದು. ಹಗೂರಂದು. ಕಾಯಿಪಲ್ಲೆ ಭಾಳ, ಸಾಸೇಜ್ ಒಂದೀಟ. ಕೋಳಿ ವಾಸನಿ ಬಂದ್ರ ತಾವ ಉಣ್ತಾರ."

"ಸಾಸೇಜ್ ಅಂದ್ರ ಏನಬೇ?"

"ಕೋಳಿ ಕೈಮಾ ರೀ. ಕರಳಿನಾಗ ತುಂಬಿರತಾರ."

ಡಬ್ಬಿ ಒಡೆದು ತೋರಿಸಿದಳು. ದಿನವೆಲ್ಲ ನೀರಲ್ಲಿ ನೆನೆದ ಬೆರಳಿನ ಹಾಗೆ ಬೆಳ್ಳಗಿದ್ದವು. ಕರುಳು ನಾವೂ ತಿನ್ನುತ್ತೇವೆ; ತೊಳೆದು, ಅರಿಶಿನ ಹಚ್ಚಿ, ಖಾರ ಅರೆದು ಹಾಕಿ. ಇದಕ್ಕೆ ಬಣ್ಣವೂ ಇಲ್ಲ, ಮಾನವೂ ಇಲ್ಲ. ಅದನ್ನೂ ಕುದಿಸಿ, ಕೊಬ್ಬು ಬಿಟ್ಟ ನೀರು ಚೆಲ್ಲಿ, ಎಲೆಯಷ್ಟು ತೆಳ್ಳಗೆ ಕೊಯ್ದಳು. ಗಜ್ಜರಿ, ಬದನೆಕಾಯಿ, ಕೋಬೀಜು, ಉಳ್ಳಾಗಡ್ಡಿಗಳನ್ನು ಹನಿ ಎಣ್ಣೆ ಹಾಕದೆ ಟೊಮೆಟೊ ರಸದಲ್ಲೇ ಬೇಯಿಸಿದಳು. ಬೆಣ್ಣೆಯ ಬದಲಿಗೆ ಕೆನೆ ತೆಗೆದ ಹಾಲಿನ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದಳು. ಇಷ್ಟರ ನಡುವೆ ಹಾಸಲು ಮೈದಾ ಲಟ್ಟಿಸಿ ಕುದಿಯುವ ನೀರಿಗೆ ಬಿಟ್ಟರೆ ಎಲ್ಲವೂ ಅಂಟಿಕೊಂಡು ಒಂದೇ ಮುದ್ದೆಯಾಯಿತು. ಕ್ಲಾಸಿಗೆ ಹೋಗಿ ಕಲಿತದ್ದು ಅದು. ನಾನು ಬುಟ್ಟಿಯಿಂದ ಖಡಕ್ ರೊಟ್ಟಿ ತೆಗೆದು ಮುಂದಿಟ್ಟೆ. ಮೋರೆ ಸಣ್ಣದು ಮಾಡಿಕೊಂಡು ರೊಟ್ಟಿ ಹಾಸಿದಳು. ಮೇಲೆ ಪಲ್ಲೆ, ಸಾಸೇಜು, ಮೊಸರು, ಮತ್ತೆ ರೊಟ್ಟಿ. ತುದಿಗೆ ಪುಣೆಯ ಚೀಜನ್ನು ನಾಮ ಹಚ್ಚಿದಷ್ಟು ತುರಿದಳು.

ಸುಡಲು ಭಟ್ಟಿ ಬೇಕಂತೆ. ನಮ್ಮ ಕಡೆ ದೀಪಾವಳಿಗೆ ಮಂದಿ ಹಿಟ್ಟು, ಸಕ್ಕರೆ, ಡಾಲ್ಡಾ ಕಲೆಸಿ, ತಟ್ಟೆಯಲ್ಲಿ ಜೋಡಿಸಿ, ಬೇಕರಿಗೆ ಒಯ್ದು ನಾನಕಟಾಯಿ ಸುಡಿಸಿಕೊಂಡು ಬರುತ್ತಾರೆ. ಅದೇ ಸಾಲಿನಲ್ಲಿ ನಾವೂ ಹೋಗಿ ನಿಂತೆವು. ಬೇಕರಿಯ ಮುದುಕ ಬಟ್ಟೆ ಎತ್ತಿ ನೋಡಿದ.

"ಇದೇನ್ರವ್ವಾ, ನಾನಕಟಾಯಿ ಅಲ್ಲಲ್ಲ?"

"ಕಾಯಿಪಲ್ಲೆದು," ಎಂದಳು ನೆಗೆಣ್ಣಿ.

ಮುದುಕ ನನ್ನ ಕಡೆ ತಿರುಗಿದ. "ಬರೇ ಕಾಯಿಪಲ್ಲೆ ಏನ್ರಿ?"

"ಕೋಳಿನೂ ಐತಿ," ಎಂದೆ.

ಹಲಗೆಯ ಮೇಲಿದ್ದ ತಟ್ಟೆಗಳನ್ನು ಹೆಂಗಸರೆಲ್ಲ ಒಮ್ಮೆಲೇ ಎದೆಗೆ ಎತ್ತಿಕೊಂಡರು. "ಅಯ್ಯ ನಮ್ಮವ್ವ! ಲಕ್ಷ್ಮೀಪೂಜಿಗೆ ಇಡೂವು ಅದಾವಬೇ ಇವು!" ಎಂದು ಒಬ್ಬಳು ಚೀರಿದಳು.

"ಸತ್ತ ಕೋಳಿ ಅದು. ನಿನ್ನ ತಟ್ಟಿಗೆ ಹಾರಿ ಬರೂದಿಲ್ಲ," ಎಂದೆ.

ಮುದುಕ ಕೈ ಮುಗಿದ. "ಸಿಟ್ಟಾಗಬ್ಯಾಡ್ರಿ. ಎಲ್ಲಾರದೂ ಒಂದ ಭಟ್ಟಿ. ಹಬ್ಬ ಮುಗಿಸಿ ತರ್ರಿ."

"ಅಲ್ಲೀತನಕ ಉಣ್ಣಾಂವ ಉಳೀಬೇಕಲ್ಲೋ," ಎಂದು ತಟ್ಟೆ ಎತ್ತಿಕೊಂಡು ಬಂದೆ.

ದಾರಿಯುದ್ದಕ್ಕೂ ನೆಗೆಣ್ಣಿ ಮೂಗು ಏರಿಸುತ್ತ ಬಂದಳು. "ಖರೆ ಹೇಳೂ ಜರೂರಿ ಏನಿತ್ತರೀ ಅಕ್ಕಾ?"

"ಕೇಳಿದ, ಹೇಳಿದೆ. ಅಳೂದು ಸಾಕು, ಕುಳ್ಳು ಒಟ್ಟು."

ಬಚ್ಚಲ ಒಲೆಯ ಮೇಲಿನ ಹಂಡೆ ಇಳಿಸಿ, ಕುಳ್ಳು ಉರಿದು ಕೆಂಡವಾದ ಮೇಲೆ ಇಟ್ಟಿಗೆ ಇಟ್ಟು ತಟ್ಟೆ ಕೂಡಿಸಿದೆ. ಮೇಲೆ ಕಬ್ಬಿಣದ ಹಂಚು ಕವುಚಿ ಅದರ ಮೇಲೂ ಕೆಂಡ ಹರವಿದೆ. ಮೈದುನನ ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಕೈಗಡಿಯಾರ ನೋಡುತ್ತ ನಿಂತಳು. ಹೊಗೆಗೂ ಗಡಿಯಾರಕ್ಕೂ ಏನು ಸಂಬಂಧವೋ.

ಗೋಡೆ ಹಿಡಿದುಕೊಂಡು ಗಂಡ ಬಚ್ಚಲ ಬಾಗಿಲಿಗೆ ಬಂದ. ಮಿರಜಿನಿಂದ ಬಂದ ಮೇಲೆ ತಾನಾಗಿ ಅಷ್ಟು ದೂರ ನಡೆದಿರಲಿಲ್ಲ.

"ಏನಲೇ ಸುಡಾಕತ್ತೀರಿ?"

"ನಿಮ್ಮ ನಾಲಿಗಿ. ಹೋಗಿ ಕುಂಡರ್ರಿ."

ತಾಟಿಗೆ ಹಾಕಿದರೆ ಬೆರಳಿನಿಂದ ಕೆದಕಿ ಸಾಸೇಜಿನ ಚೂರನ್ನಷ್ಟೇ ಆರಿಸತೊಡಗಿದ.

"ಆರಿಸಿದ್ರ ತಾಟ ಎಳಕೊಂತೇನಿ. ಪದರ ಸಮೇತ ತಿನ್ರಿ," ಎಂದೆ.

ತಿಂದ. "ಉಪ್ಪಿಲ್ಲ, ಖಾರಿಲ್ಲ. ಈ ಕೋಳಿ ಯಾವಾಗ ಸತ್ತಿತ್ತೋ ಏನ," ಅಂದ. "ನಿನ್ನ ನೆಗೆಣ್ಣಿಗೆ ಪುಣೇದಾಗ ನೀರೂ ಕಾಸಾಕ ಕಲಿಸಿಲ್ಲ," ಅಂದ. ಆಮೇಲೆ ತಾಟು ಮುಂದೆ ಹಿಡಿದು, "ಇನ್ನಷ್ಟು ಹಾಕು," ಅಂದ. ಒಳಗೆ ನೆಗೆಣ್ಣಿ ಬಹುಮಾನ ಬಂದವಳ ಹಾಗೆ ಹಲ್ಲು ಕಿರಿದಳು.

ತಾಟು ಖಾಲಿಯಾದ ಮೇಲೆ ಗುಳಿಗೆ ಕೊಟ್ಟೆ, ನುಂಗಿದ. ಬಾಯಿ ತೆರೆಸಿ ನೋಡಿದೆ, ನಾಲಿಗೆಯ ಕೆಳಗೂ ನೋಡಿದೆ. ಅವನನ್ನು ನಂಬುವ ಹಾಗಿರಲಿಲ್ಲ. ಉಳಿದ ಅಂಚನ್ನು ನಾನೂ ತಿಂದೆ. ನೆನೆದ ರೊಟ್ಟಿ, ಹುಳಿ ಪಲ್ಲೆ, ನಡುವೆ ರಬ್ಬರಿನಂಥ ಚೂರು. ಪರದೇಶದ ಮಂದಿ ಇದನ್ನು ಹಬ್ಬಕ್ಕೆ ಉಣ್ಣುತ್ತಾರಂತೆ, ಪಾಪ. ಡಬ್ಬಿಯಲ್ಲಿ ಸಾಸೇಜು ಒಂದೂ ಉಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ಗಂಡ, ನೆಗೆಣ್ಣಿ ಇಬ್ಬರೂ ಏಳುವ ಮೊದಲೇ ಖಾಟಿಕರ ಓಣಿಗೆ ಹೋಗಿ ಒಂದು ಕೋಳಿ ಕೊಯ್ಯಿಸಿದೆ, ತೊಗಲು, ಕೊಬ್ಬು ಎಲ್ಲ ತೆಗೆಸಿ ಕೈಮಾ ಹೊಡೆಸಿಕೊಂಡು ಬಂದು, ಬಚ್ಚಲ ಒಲೆಯಿಂದ ಹಂಡೆ ಇಳಿಸಿದೆ.