ಏರೋಪ್ಲೇನ್ ಚಿಟ್ಟೆಗಳ ಹೊಂಡ

ಹೋದ ತಿಂಗಳು ಮೊಳಕಾಲ್ಮೂರಿನಿಂದ ಬರುವಾಗ ಬಸ್ಸು ಕೆಟ್ಟು ನಿಂತಿತು. ಕೆಳಗಿಳಿದರೆ ಇಂಜಿನ್ನಿನಿಂದ ಸೋರಿದ ಸುಟ್ಟ ಆಯಿಲ್‌ನ ವಾಸನೆ. ಇಪ್ಪತ್ತೈದು ವರ್ಷಗಳ ಹಿಂದಿನ ಚಾಚಾ ನೆನಪಾದರು...

ಚಳ್ಳಕೆರೆಯಲ್ಲಿ ನಮ್ಮ ಪಕ್ಕದ ಮನೆಯವರು. ಬೋರ್‌ವೆಲ್ ಮೋಟಾರುಗಳಿಗೆ ವೈಂಡಿಂಗ್ ಮಾಡುತ್ತಿದ್ದರು. ರಿಪೇರಿಯಾದ ಮೋಟಾರನ್ನು ತೊಟ್ಟಿಯಲ್ಲಿ ಓಡಿಸಿ ನೋಡುವಾಗ ಚೆಲ್ಲುವ ನೀರು ಸುಮ್ಮನೆ ಪೋಲಾಗುತ್ತದಲ್ಲ ಎಂದು ಶೆಡ್ಡಿನ ಹಿಂದೆ ಹೊಂಡ ತೋಡಿದರು. ಆ ವರ್ಷ ಕೆರೆ ಬತ್ತುತ್ತಿತ್ತು. ಅಲ್ಲಿ ಅಳಿದುಳಿದ ಜೊಂಡು, ನೈದಿಲೆ ಗೆಡ್ಡೆಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಬಂದು ನೆಟ್ಟರು. ಯಾರೋ ನರ್ಸರಿಯಿಂದ ಚೆಂದದ ಗಿಡ ತಂದುಕೊಟ್ಟರೆ ಬೇಡವೆಂದರು. ಏರೋಪ್ಲೇನ್ ಚಿಟ್ಟೆಗಳಿಗೆ ಗುರುತಿರುವ ಗಿಡವೇ ಬೇಕಂತೆ.

ಎರಡನೆಯ ಮಳೆಗಾಲಕ್ಕೆ ಅವು ಬಂದವು, ಕೆಂಪು, ಹಳದಿ... ಒಂದು ಬೆಳಿಗ್ಗೆ ಚಾಚಾ ನನ್ನನ್ನು ಕರೆದರು. ಜೊಂಡಿನ ಕಡ್ಡಿ ಹತ್ತಿ ಕೂತ ಕಂದು ಹುಳುವಿನ ಬೆನ್ನು ಸೀಳಿ ಚಿಟ್ಟೆ ಹೊರಬರುತ್ತಿತ್ತು.

"ಮುಟ್ಟಬ್ಯಾಡ ಬೇಟಿ, ರೆಕ್ಕೆ ಇನ್ನಾ ಹಸಿ ಐತೆ."

ಇನ್ನೊಂದು ದಿನ ಸೊಳ್ಳೆಮರಿಗಳಿದ್ದ ಗಾಜಿನ ಲೋಟಕ್ಕೆ, ನೀರಿನಲ್ಲೇ ಬೆಳೆಯುವ ಚಿಟ್ಟೆಯ ಮರಿಯೊಂದನ್ನು ಬಿಟ್ಟರು. ಅದು ನನ್ನ ಕಣ್ಣೆದುರೇ ಒಂದನ್ನೂ ಬಿಡದೆ ನುಂಗಿತು.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಬೀದಿಯಲ್ಲಿ ಜ್ವರ ಹಬ್ಬಿತು. ನನ್ನ ತಮ್ಮ ಆಸ್ಪತ್ರೆ ಸೇರಿದ. ಎಲ್ಲರ ಕಣ್ಣೂ ಹೊಂಡದ ಮೇಲೆ ಬಿತ್ತು. ಹೊಂಡಕ್ಕೆ ಸುರಿದರೆ ಸೊಳ್ಳೆ ಸಾಯುತ್ತವೆಂದು ಅಪ್ಪ ಗ್ಯಾರೇಜಿನಿಂದ ಸುಟ್ಟ ಆಯಿಲ್‌ನ ಡಬ್ಬ ತಂದರು. ಚಾಚಾ ಅಡ್ಡ ನಿಂತರು.

"ಈ ಚಿಟ್ಟೆಮರಿ ಸೊಳ್ಳೆಮರಿ ತಿಂತಾವ್ರೀ. ನಿಮ್ಮ ಮಗಳೇ ನೋಡೈತೆ. ಹೇಳು ಬೇಟಿ."

ಅಪ್ಪ ನನ್ನ ಕಡೆ ತಿರುಗಿದರು. ಮೂರು ದಿನ ಊಟ ನಿದ್ದೆಯಿಲ್ಲದ ಮುಖ. ನಾನು "ನೋಡಿಲ್ಲ" ಎಂದೆ.

ಚಾಚಾ ಪಕ್ಕಕ್ಕೆ ಸರಿದರು. ಅಪ್ಪ ಡಬ್ಬವನ್ನು ಹೊಂಡಕ್ಕೆ ಸುರಿದರು...

ತಮ್ಮ ಬದುಕಿಕೊಂಡ. ಸೊಳ್ಳೆ ಮಾತ್ರ ಕಡಿಮೆಯಾಗಲಿಲ್ಲ. ಮರುವರ್ಷ ಚಾಚಾ ಹೊಂಡದ ಮಣ್ಣನ್ನೆಲ್ಲ ತೆಗೆದುಹಾಕಿ, ವೇದಾವತಿ ದಂಡೆಯಿಂದ ಜೊಂಡು ತಂದು ಮತ್ತೆ ನೆಟ್ಟರು. ಗಿಡ ಬೇರು ಬಿಟ್ಟಿತು, ಚಿಟ್ಟೆ ಬರಲಿಲ್ಲ. ಅಷ್ಟರಲ್ಲಿ ಕೆರೆಯೂ ಪೂರ್ತಿ ಬತ್ತಿತ್ತು. ಎಲ್ಲಿಂದ ಬಂದಾವು? ಆದರೂ ಸಂಜೆ ಅಲ್ಲೇ ಕೂತು ನೋಡುತ್ತಿದ್ದರು. ನಾನು ಆ ಕಡೆ ಹೋಗುವುದನ್ನೇ ಬಿಟ್ಟೆ. ನಾಲ್ಕು ವರ್ಷದ ಮೇಲೆ ಅಪ್ಪನಿಗೆ ವರ್ಗವಾಗಿ ನಾವು ಊರು ಬಿಟ್ಟೆವು.

ಆವತ್ತು ಬಸ್ಸು ಚಳ್ಳಕೆರೆ ಮುಟ್ಟಿದ ಮೇಲೆ ನಾನು ನೇರ ಅವರ ಮನೆಗೆ ಹೋದೆ. ಚಾಚಾ ತೀರಿಕೊಂಡು ಆರು ವರ್ಷವಾಗಿತ್ತು. ಹೊಂಡವಿದ್ದಲ್ಲಿ ಸಿಮೆಂಟು ಹಾಕಿದ್ದರು. ಚಾಚಿಯ ಎದುರು ಕೂತು ಎಲ್ಲ ಹೇಳಿಬಿಟ್ಟೆ.

"ಅವ್ರಿಗೆ ಗೊತ್ತಿತ್ತಮ್ಮ," ಎಂದರು ಚಾಚಿ. "ಹುಡುಗಿ ಅಪ್ಪನ ಮುಖ ನೋಡಿ ಹೆದರ್ತು ಅಂದಿದ್ರು. ನೀನು ಬಂದು ಮಾತಾಡಿಸ್ತೀಯ ಅಂತ ಭಾಳ ದಿನ ಕಾದ್ರು."

ನಮ್ಮ ಎರಡು ಮನೆಗಳ ನಡುವೆ ಇದ್ದದ್ದು ಸೊಂಟದೆತ್ತರದ ಒಂದು ಮೋಟುಗೋಡೆ, ಅಷ್ಟೆ.